ನೀಲಿ ಬೆಳಕಿಗೆ ಕಾಣದ್ದು

ಬೆಂಗಳೂರಿನ ಹವೆ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ನೆಲ, ಉಪ್ಪುಗಾಳಿಯ ಸೋಂಕಿಲ್ಲ, ವರ್ಷದ ಹೆಚ್ಚಿನ ತಿಂಗಳು ಮೈಗೆ ಅಂಟದ ಗಾಳಿ. ಬೆಸುಗೆ ಮುಗಿಸಿದ ಬೋರ್ಡೊಂದನ್ನು ಜಾಲಹಳ್ಳಿಯ ಒಂದು ಮೇಜಿನ ಮೇಲೆ ಬರಿಮೈಯಲ್ಲಿ ಇಟ್ಟರೂ ಅದು ವರ್ಷಗಟ್ಟಲೆ ಕೆಲಸ ಮಾಡೀತು. ಆದರೆ ಇಲ್ಲಿ ಹುಟ್ಟುವ ಬೋರ್ಡುಗಳು ಇಲ್ಲೇ ಬಾಳುವುದಿಲ್ಲ. ಕಾರವಾರದಲ್ಲಿ ಲಂಗರು ಹಾಕಿದ ಹಡಗು, ರಾಜಸ್ಥಾನದ ಮರಳುಗಾಡಿನ ರಾಡಾರ್ ವಾಹನ, ಸಿಯಾಚಿನ್ನಿನ ಹಿಮದಲ್ಲಿ ಕೂತ ವೈರ್‌ಲೆಸ್ ಸೆಟ್ಟು, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಆಗುಂಬೆಯಂಥ ಕಡೆ ನಿಂತ ಟವರು, ಗದ್ದೆಯ ಬದುವಿನ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ: ಅವುಗಳ ಬಾಳ್ವೆ ಇಂಥಲ್ಲಿ. ಹುಟ್ಟಿದೂರಿನ ಸುಖ ನೋಡಿ ಬೋರ್ಡಿನ ಆಯಸ್ಸು ಅಳೆಯುವಂತಿಲ್ಲ. ಹೊರಡುವ ಮುನ್ನ ಅದರ ಮೈಮೇಲೆ ಬೀಳುವ ತೆಳು ಪಾರದರ್ಶಕ ಪದರವನ್ನು, ಅಂದರೆ ಕನ್ಫಾರ್ಮಲ್ ಕೋಟಿಂಗನ್ನು, ಸರಿಯಾಗಿ ಪರೀಕ್ಷಿಸುವ ಕೆಲಸ ಈ ಕಾರಣಕ್ಕೇ ಇಷ್ಟು ದೊಡ್ಡದು.

ಈ ಪ್ರದೇಶಕ್ಕೆ ಸೂಕ್ಷ್ಮ ಕೆಲಸ ಹೊಸದಲ್ಲ. 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ ಬಂತು. ಮರುವರ್ಷ, 1954ರಲ್ಲಿ, ರಕ್ಷಣಾ ಸಚಿವಾಲಯದ ಅಡಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ತಾಂತ್ರಿಕ ನೆರವಿನಿಂದ ಸೇನೆಗೆ ಬೇಕಾದ ಸಂಪರ್ಕ ಸಾಧನಗಳನ್ನು ಮಾಡುವುದು ಅದರ ಮೊದಲ ಕೆಲಸ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಕೈಗಡಿಯಾರ ಜೋಡಿಸತೊಡಗಿತು. ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿಯುವ ಕಸುಬನ್ನು ಒಂದಿಡೀ ತಲೆಮಾರು ಇಲ್ಲಿ ಕಲಿಯಿತು. ರಸ್ತೆಯ ಆಚೆಗಿನ ಪೀಣ್ಯದಲ್ಲಿ, ಆಸ್ಬೆಸ್ಟಾಸ್ ಶೀಟಿನ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ಇಂದು ಅದೇ ಪೀಣ್ಯದಲ್ಲಿ ಇಸ್ರೋದ ಜಾಡುವೀಕ್ಷಣೆ ಕೇಂದ್ರ ಇಸ್ಟ್ರ್ಯಾಕ್ ಇದೆ. ಸುತ್ತಲಿನ ಅಡ್ಡರಸ್ತೆಗಳಲ್ಲಿ ಬೋರ್ಡ್ ಜೋಡಿಸುವ, ವೈಂಡಿಂಗ್ ಮಾಡುವ, ಕೇಬಲ್ ಕಟ್ಟುವ ಸಣ್ಣ ಘಟಕಗಳಿಗೆ ಲೆಕ್ಕವಿಲ್ಲ.

ಬೋರ್ಡಿಗೆ ಪದರ ಹಚ್ಚಬೇಕೆಂಬ ತಿಳಿವಳಿಕೆ ಯುದ್ಧಕಾಲದ್ದು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಮಿತ್ರಸೇನೆಗಳ ರೇಡಿಯೊಗಳು ಶತ್ರುವಿನ ಗುಂಡಿಗಿಂತ ಮೊದಲು ಬೂಷ್ಟಿಗೆ ಬಲಿಯಾಗುತ್ತಿದ್ದವು. ತಂತಿಗೆ ಸುತ್ತಿದ ಬಟ್ಟೆಯಲ್ಲಿ, ಕಾಗದದಲ್ಲಿ, ಮೇಣದಲ್ಲಿ ಶಿಲೀಂಧ್ರ ಬೆಳೆದು, ಅದರ ತೇವದ ಎಳೆಗಳ ಮೇಲೆ ವಿದ್ಯುತ್ ಅಡ್ಡದಾರಿ ಹಿಡಿಯುತ್ತಿತ್ತು. ಒಳಗಿನ ಭಾಗಗಳಿಗೆಲ್ಲ ಶಿಲೀಂಧ್ರನಾಶಕ ಬೆರೆಸಿದ ವಾರ್ನಿಷ್ ಸಿಂಪಡಿಸುವುದು ಆಗ ಕಂಡುಕೊಂಡ ಉಪಾಯ. ಅಮೆರಿಕದ ಸಿಗ್ನಲ್ ಕೋರ್ ಹಾಗೆ ಉಪಚರಿಸಿದ ಸೆಟ್ಟುಗಳ ಮೇಲೆ ‘ಎಂಎಫ್‌ಪಿ’ ಎಂದು ಮುದ್ರೆ ಒತ್ತುತ್ತಿತ್ತು: ತೇವ ಮತ್ತು ಬೂಷ್ಟು ನಿರೋಧಕ ಎಂದರ್ಥ. ಭಾರತೀಯ ಸೇನೆಯ ಎಲೆಕ್ಟ್ರಾನಿಕ್ ಉಪಕರಣಗಳು ಹವೆಯ ಪರೀಕ್ಷೆ ಪಾಸಾಗಬೇಕಾದ ಮಾನದಂಡ ಜೆಎಸ್‌ಎಸ್ 55555ರಲ್ಲಿ ತೇವದ ಶಾಖ, ಉಪ್ಪಿನ ಮಂಜು, ಧೂಳು, ಕುಲುಕಾಟಗಳ ಜೊತೆಗೆ ಬೂಷ್ಟು ಬೆಳೆಸಿ ನೋಡುವ ಪರೀಕ್ಷೆಯೂ ಉಳಿದುಕೊಂಡಿದೆ.

ಇಂದು ಬಳಕೆಯಲ್ಲಿರುವ ಪದರಗಳು ಮುಖ್ಯವಾಗಿ ಐದು ಕುಲದವು. ಅಕ್ರಿಲಿಕ್ ಬೇಗ ಒಣಗುತ್ತದೆ, ದ್ರಾವಕದಲ್ಲಿ ಸುಲಭವಾಗಿ ಕರಗಿ ಬರುತ್ತದೆ. ಹಾಗಾಗಿ ರಿಪೇರಿಯವರಿಗೆ ಅದರ ಮೇಲೆ ಪ್ರೀತಿ. ಪಾಲಿಯುರೆಥೇನ್ ಗಟ್ಟಿ, ಇಂಧನ ಮತ್ತು ದ್ರಾವಕ ತಗುಲಿದರೂ ಜಗ್ಗದು. ಸಿಲಿಕೋನ್ ಬಿಸಿಯನ್ನೂ ಚಳಿಯನ್ನೂ ಬಾಗುತ್ತ ಬಳುಕುತ್ತ ತಡೆಯುತ್ತದೆ. ಎಪಾಕ್ಸಿ ಒಮ್ಮೆ ಹಿಡಿದರೆ ಬೋರ್ಡು ಹಾಳಾಗದೆ ಅದನ್ನು ತೆಗೆಯುವುದೇ ಕಷ್ಟ. ಐದನೆಯದಾದ ಪ್ಯಾರಿಲೀನ್ ದ್ರವವೇ ಅಲ್ಲ. ಪುಡಿಯನ್ನು ಆವಿ ಮಾಡಿ, 680 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಅಣುಗಳನ್ನು ಒಡೆದು, ಗಾಳಿ ತೆಗೆದ ಕೋಣೆಯಲ್ಲಿ ಬೋರ್ಡಿನ ಸಂದುಗೊಂದಿನಲ್ಲೆಲ್ಲ ತಾನಾಗಿ ಕೂರಿಸುವ ಪದರ ಅದು. ಬೆಲೆ ದುಬಾರಿ. ದೇಹದೊಳಗೆ ಇಡುವ ಸಾಧನಗಳಿಗೂ ಅದೇ ಕವಚ.

ಪರೀಕ್ಷೆ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಕತ್ತಲೆ ಮಾಡಿದ ಬೂತು ಮತ್ತು ಅಲ್ಲಿನ ಯುವಿ ಲ್ಯಾಂಪು. ದ್ರವ ಕೋಟಿಂಗುಗಳಲ್ಲಿ ಹೆಚ್ಚಿನವಕ್ಕೆ ತಯಾರಕರೇ ಒಂದು ಬಣ್ಣಕಾರಕ ಬೆರೆಸಿರುತ್ತಾರೆ. 365 ನ್ಯಾನೊಮೀಟರ್ ತರಂಗದ ಅತಿನೇರಳೆ ಬೆಳಕು ಬಿದ್ದಾಗ ಅದು ನೀಲಿಯಾಗಿ ಹೊಳೆಯುತ್ತದೆ. ಹಗಲ ಬೆಳಕಿನಲ್ಲಿ ಹಚ್ಚಿದೆಯೋ ಇಲ್ಲವೋ ತಿಳಿಯದ ಬೋರ್ಡು ಬೂತಿನೊಳಗೆ ತನ್ನ ನಕ್ಷೆಯನ್ನೇ ಬಿಚ್ಚಿಡುತ್ತದೆ. ಹೊಳೆದದ್ದು ಮುಚ್ಚಿದ ಜಾಗ, ಕಪ್ಪಾಗಿ ಉಳಿದದ್ದು ಬರಿಮೈ. ಕೂತವರ ಕಣ್ಣು ಕತ್ತಲೆಗೆ ಹೊಂದಲು ಕೆಲವು ನಿಮಿಷ ಬೇಕು. ಕನ್ನಡಕ ಹಾಕದೆ ಲ್ಯಾಂಪಿನ ಮುಂದೆ ಕೂರಬಾರದು, ಒಂದೇ ಸಮನೆ ಗಂಟೆಗಟ್ಟಲೆ ಕೂರಿಸಲೂಬಾರದು. ದಣಿದ ಕಣ್ಣು ಬಿಟ್ಟುಬಿಡುವ ದೋಷಗಳು ಮುಂದೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅಲ್ಲಿ ಮೊದಲು ನೋಡುವುದು ಇರಬೇಕಾದ ಕಡೆ ಪದರ ಇದೆಯೇ ಎಂದು. ಅಷ್ಟೇ ಮುಖ್ಯವಾಗಿ ಇರಬಾರದ ಕಡೆ ಇಲ್ಲವೇ ಎಂದೂ ನೋಡಬೇಕು. ಕನೆಕ್ಟರಿನ ಪಿನ್ನು, ಸ್ವಿಚ್ಚು, ರಿಲೇ, ಟೆಸ್ಟ್ ಪಾಯಿಂಟು, ಅರ್ಥಿಂಗ್ ಸ್ಕ್ರೂ ಕೂರುವ ಜಾಗ ಇವೆಲ್ಲ ಖಾಲಿ ಇರಬೇಕು. ಟೇಪು ಅಂಟಿಸಿ, ಸುಲಿದು ತೆಗೆಯುವ ಲೇಟೆಕ್ಸ್ ಬಳಿದು ಮಾಸ್ಕಿಂಗ್ ಮಾಡುವುದು ಇದಕ್ಕಾಗಿ. ಆದರೂ ತೆಳು ದ್ರವ ಸಂದಿನಲ್ಲಿ ತಾನಾಗಿ ಏರುತ್ತದೆ. ಕನೆಕ್ಟರಿನ ಒಳಗೋಡೆಗೆ ಹಾಗೆ ಏರಿ ಕೂತ ಪದರ ಕಾರ್ಖಾನೆಯ ಟೆಸ್ಟಿನಲ್ಲಿ ಸಿಕ್ಕಿಬೀಳದೆ, ವಾಹನ ಕುಲುಕಿದಾಗೊಮ್ಮೆ ಸಂಪರ್ಕ ಕಡಿದು, ನಿಂತಾಗ ಸರಿಹೋಗಿ, ರಿಪೇರಿಯವರನ್ನು ತಿಂಗಳುಗಟ್ಟಲೆ ಅಲೆಸುತ್ತದೆ.

ನಂತರ ಗುಳ್ಳೆ, ಬಿರುಕು, ಮೀನುಕಣ್ಣಿನಂತೆ ನಡುವೆ ಪದರ ಸರಿದು ಹೋದ ಕುಳಿಗಳು, ಒಳಗೆ ಸಿಕ್ಕಿಕೊಂಡ ನಾರು, ಬೆಸುಗೆಯ ಚೂರು. ಎಲ್ಲ ಗುಳ್ಳೆಯೂ ದೋಷವಲ್ಲ.

“ಮೇಡಂ, ಇಲ್ಲೊಂದು ಬಬಲ್ ಇದೆ, ಪರವಾಗಿಲ್ವಾ?”

“ಎಲ್ಲಿದೆ ನೋಡು. ಪಿನ್ನಿಂದ ಪಿನ್ನಿಗೆ ದಾಟಿದೆಯಾ? ದಾಟಿದ್ರೆ ರೀವರ್ಕ್‌ಗೆ ಹಾಕು.”

ಇಂಥ ಮೇಜಿನ ಬಳಿ ಹುಟ್ಟುವ ಮಾತಿನಲ್ಲಿ ಐಪಿಸಿ-ಎ-610 ಎಂಬ ಜಾಗತಿಕ ಮಾನದಂಡದ ಸಾರವೇ ಇದೆ. ಬಯಲಲ್ಲಿ ಒಂಟಿಯಾಗಿ ಕೂತ ಗುಳ್ಳೆಯಿಂದ ಹೆಚ್ಚಿನ ಹಾನಿಯಿಲ್ಲ. ಬೇರೆ ಬೇರೆ ವೋಲ್ಟೇಜಿನ ಎರಡು ವಾಹಕಗಳನ್ನು ಸೇರಿಸುವಂತೆ ಕೂತ ಗುಳ್ಳೆಯಾದರೆ, ತೇವ ಬಂದು ತಂಗಲು ಕಟ್ಟಿಕೊಟ್ಟ ಕೋಣೆ.

ಇಷ್ಟನ್ನು ಲ್ಯಾಂಪು ತೋರಿಸುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಮೆರಾ ಇರುವ ಯಂತ್ರವೇ ಈ ನಕ್ಷೆಯನ್ನು ಓದುತ್ತದೆ. ಆದರೆ ಬೂತಿನಲ್ಲಿ ಚೆನ್ನಾಗಿ ಹೊಳೆಯಿತು ಎಂಬ ಒಂದೇ ಕಾರಣಕ್ಕೆ ಬೋರ್ಡನ್ನು ಪಾಸು ಮಾಡುವ ಅಭ್ಯಾಸಕ್ಕೆ ನನ್ನ ತಕರಾರಿದೆ. ಹೊಳಪು ಹೇಳುವುದು ಪದರ ಇದೆ ಎಂದಷ್ಟೇ. ಅದು ಬೋರ್ಡಿನ ಮೈಯನ್ನು ಹಿಡಿದುಕೊಂಡಿದೆಯೇ ಎಂಬುದನ್ನು ಹೊಳಪು ಹೇಳಲಾರದು. ಬೆಸುಗೆಯಲ್ಲಿ ಉಳಿದ ರೋಸಿನ್ ಫ್ಲಕ್ಸೂ ಆ ಬೆಳಕಿಗೆ ಹೊಳೆಯುತ್ತದೆ, ಬಟ್ಟೆಯ ನಾರೂ ಹೊಳೆಯುತ್ತದೆ. ಬಣ್ಣಕಾರಕ ಬೆರೆಸದ ಪ್ಯಾರಿಲೀನ್ ಎಷ್ಟೇ ಚೆನ್ನಾಗಿ ಕೂತಿದ್ದರೂ ಕತ್ತಲಾಗಿಯೇ ಇರುತ್ತದೆ.

ದಪ್ಪದ ವಿಷಯಕ್ಕೆ ಬರೋಣ. ಅಕ್ರಿಲಿಕ್, ಎಪಾಕ್ಸಿ, ಪಾಲಿಯುರೆಥೇನ್ ಪದರಗಳು ಒಣಗಿದ ಮೇಲೆ 0.03ರಿಂದ 0.13 ಮಿಲಿಮೀಟರ್, ಸಿಲಿಕೋನ್ 0.05ರಿಂದ 0.21, ಪ್ಯಾರಿಲೀನ್ 0.01ರಿಂದ 0.05 ಮಿಲಿಮೀಟರ್ ಇರಬೇಕೆಂಬುದು ಕೈಗಾರಿಕೆ ಒಪ್ಪಿದ ಲೆಕ್ಕ. ಅಳೆಯುವುದು ಬೋರ್ಡಿನ ಸಮತಟ್ಟಾದ, ಅಡೆತಡೆಯಿಲ್ಲದ ಜಾಗದಲ್ಲಿ ಅಥವಾ ಜೊತೆಗೆ ಹಚ್ಚಿದ ಮಾದರಿ ಪಟ್ಟಿಯ ಮೇಲೆ. ಎಡ್ಡಿ ಕರೆಂಟ್ ಮೀಟರು ತಾಮ್ರದ ಹಾಳೆಯ ಮೇಲಿನ ಪದರವನ್ನು ಗೀರದೆಯೇ ಅಳೆದು ಹೇಳುತ್ತದೆ. ತೊಡಕಿರುವುದು ಇನ್ನೊಂದು ಕಡೆ. ಸಮತಟ್ಟಾದ ಜಾಗಕ್ಕೆ ಕವಚದ ತುರ್ತು ಅಷ್ಟಿಲ್ಲ. ಚೂಪು ಅಂಚಿನ ಐಸಿ ಕಾಲುಗಳಿಗೆ, ಬೆಸುಗೆಯ ತುದಿಗಳಿಗೆ ಅದು ಬೇಕು, ಮತ್ತು ದ್ರವ ತನ್ನ ಮೇಲ್ಮೈ ಎಳೆತದಿಂದಾಗಿ ನಿಲ್ಲದೆ ಜಾರುವುದೂ ಅಲ್ಲಿಂದಲೇ. ಬಯಲಲ್ಲಿ 50 ಮೈಕ್ರಾನ್ ತೋರಿಸಿದ ಬೋರ್ಡಿನಲ್ಲೇ ಪಿನ್ನಿನ ಮೂಲೆ ಬಹುಪಾಲು ಬರಿದಾಗಿರಬಹುದು. ಜಾಸ್ತಿ ಸುರಿದರೆ ಸರಿಹೋಗುತ್ತದೆ ಎಂಬುದೂ ತಪ್ಪು. ದಪ್ಪ ಪದರದೊಳಗೆ ದ್ರಾವಕ ಸಿಕ್ಕಿಬಿದ್ದು ಗುಳ್ಳೆ ಏಳುತ್ತದೆ. ಬಿಸಿ ತಂಪಿಗೆ ಪದರ ಹಿಗ್ಗಿ ಕುಗ್ಗುವಾಗ ಅದರ ಕೆಳಗಿನ ಗಾಜಿನ ಡಯೋಡನ್ನೋ ಬೆಸುಗೆಯನ್ನೋ ಎಳೆದು ಸೀಳುತ್ತದೆ. ಒಂದು ದಪ್ಪ ಪದರಕ್ಕಿಂತ ಒಣಗಿಸಿ ಒಣಗಿಸಿ ಹಚ್ಚಿದ ಎರಡು ತೆಳು ಪದರಗಳೇ ಮೇಲು.

ಹವೆಯೂ ಇಲ್ಲಿ ಪಾಲುದಾರ. ಬೆಂಗಳೂರಿನ ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಅಕ್ರಿಲಿಕ್ ಸಿಂಪಡಿಸಿದರೆ ಹನಿ ಬೋರ್ಡು ಮುಟ್ಟುವ ಮೊದಲೇ ಒಣಗಿ ಜೇಡರ ಬಲೆಯಂಥ ಎಳೆಗಳಾಗಿ ಬೀಳಬಹುದು. ಗಾಳಿಯ ತೇವ ಹೀರಿ ಗಟ್ಟಿಯಾಗುವ ಜಾತಿಯ ಸಿಲಿಕೋನ್ ಆಗ ಬೇಗ ಹಿಡಿಯುವುದಿಲ್ಲ. ಜುಲೈನ ಮೋಡ ಕವಿದ ದಿನಗಳಲ್ಲಿ ಇದಕ್ಕೆ ತದ್ವಿರುದ್ಧ. ದ್ರಾವಕ ಹಾರಿಹೋಗುವಾಗ ಮೇಲ್ಮೈ ತಂಪಾಗಿ, ಗಾಳಿಯ ನೀರು ಅಲ್ಲೇ ಕೂತು, ಪದರ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಬೆಳಿಗ್ಗೆ ಫೋರ್ಡ್ ಕಪ್ಪಿನ ತೂತಿನಿಂದ ದ್ರವ ಇಳಿಯುವ ಸೆಕೆಂಡುಗಳನ್ನು ಎಣಿಸಿ ಮಂದತೆ ಸರಿಮಾಡಿಟ್ಟರೂ ಮಧ್ಯಾಹ್ನದ ಹೊತ್ತಿಗೆ ಅದು ಬದಲಾಗಿರುತ್ತದೆ. ಸ್ಪ್ರೇ ಬೂತಿನ ಗೋಡೆಗೆ ಉಷ್ಣಾಂಶ, ತೇವಾಂಶ ತೋರಿಸುವ ಮೀಟರು ಹಾಕಿ, ಅದರ ಅಂಕಿಯನ್ನು ಪಾಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡುವ ಘಟಕ ಅರ್ಧ ಗೆದ್ದಂತೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಟಾಲೂಯಿನ್, ಜೈಲೀನ್‌ನಂಥ ದ್ರಾವಕಗಳ ಹಬೆ, ಕೆಲವು ಪಾಲಿಯುರೆಥೇನ್‌ಗಳಲ್ಲಿನ ಐಸೊಸೈನೇಟ್ ಶ್ವಾಸಕೋಶಕ್ಕೆ ಕೇಡು. ಎಗ್ಸಾಸ್ಟ್ ಫ್ಯಾನ್ ಸದ್ದು ಮಾಡುತ್ತದೆಂದು ಅದನ್ನು ನಿಲ್ಲಿಸಿ ಸ್ಪ್ರೇ ಮಾಡಿಸುವ ಕಡೆ ಬೋರ್ಡಿನ ಗುಣಮಟ್ಟದ ಮಾತೆತ್ತುವ ಹಕ್ಕೇ ಇಲ್ಲ.

ಈಗ ಮುಖ್ಯ ವಿಷಯ. ಕೋಟಿಂಗ್ ನೀರನ್ನು ಪೂರ್ತಿ ತಡೆಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ನಿಜವಲ್ಲ. ದ್ರವವಾಗಿ ಬಂದ ನೀರನ್ನು ಈ ಪದರಗಳು ತಡೆದಾವು, ನೀರಿನ ಆವಿಯನ್ನು ತಡೆಯಲಾರವು. ಈ ಪ್ಲಾಸ್ಟಿಕ್ಕುಗಳೆಲ್ಲವೂ ಹೆಚ್ಚುಕಡಿಮೆ ಆವಿಯನ್ನು ಒಳಗೆ ಬಿಡುತ್ತವೆ. ಒಂದು ಬೇಗ, ಇನ್ನೊಂದು ನಿಧಾನ. ಮಲ್ಪೆ ಬಂದರಿನ ದೋಣಿಯೊಂದರ ಉಪಕರಣದಲ್ಲಿ ಮಳೆಗಾಲ ಕಳೆಯುವ ಬೋರ್ಡಿನ ಪದರದೊಳಗೆ ನೀರಿನ ಅಣುಗಳು ಇಳಿದೇ ಇಳಿಯುತ್ತವೆ. ಹಾಗಿದ್ದೂ ಬೋರ್ಡು ಉಳಿಯುವುದು ಪದರ ಮೈಗೆ ಬಿಗಿಯಾಗಿ ಅಂಟಿರುವುದರಿಂದ. ಅಂಟಿದ ಕಡೆ ಅಣುಗಳು ಒಂದುಗೂಡಿ ಹನಿಯಾಗಲು ಜಾಗವಿಲ್ಲ. ಹನಿಯಾಗದ ನೀರು ಲೋಹವನ್ನು ಕರಗಿಸಲಾರದು, ವಿದ್ಯುತ್ತನ್ನು ಹರಿಸಲಾರದು.

ಪದರದ ಅಡಿಯಲ್ಲಿ ಒಂದು ಕಣ ಉಪ್ಪು ಉಳಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅದು ಬೆರಳಿನ ಬೆವರಿನ ಉಪ್ಪಿರಬಹುದು, ಫ್ಲಕ್ಸಿನ ಆಮ್ಲದ ಶೇಷವಿರಬಹುದು. ಒಣದ್ರಾಕ್ಷಿ ನೀರಿನಲ್ಲಿ ಊದಿಕೊಳ್ಳುವುದನ್ನು ತೋರಿಸಿ ಶಾಲೆಯಲ್ಲಿ ಅಭಿಸರಣೆ ಕಲಿಸುತ್ತಾರಲ್ಲ, ಇಲ್ಲಿ ನಡೆಯುವುದೂ ಅದೇ. ಉಪ್ಪು ಪದರದ ಮೂಲಕ ನೀರನ್ನು ತನ್ನ ಕಡೆಗೆ ಎಳೆಯುತ್ತದೆ, ಒತ್ತಡ ಹೆಚ್ಚಿ ಪದರ ಮೇಲೆದ್ದು ಸಣ್ಣ ಬೊಕ್ಕೆಯಾಗುತ್ತದೆ. ಬೊಕ್ಕೆಯೊಳಗೆ ಉಪ್ಪುನೀರು, ಎರಡು ಬದಿಯಲ್ಲಿ ಬೇರೆ ಬೇರೆ ವೋಲ್ಟೇಜಿನ ತಾಮ್ರ. ಧನ ಧ್ರುವದ ಲೋಹ ಕರಗಿ ಋಣ ಧ್ರುವದ ಕಡೆಗೆ ಸಾಗಿ, ಜರೀಗಿಡದ ಎಲೆಯಂತೆ ಕವಲೊಡೆದು ಬೆಳೆದು, ಒಂದು ದಿನ ಎರಡೂ ಬದಿ ಮುಟ್ಟುತ್ತದೆ. ಹೊರಗಿನ ತೇವದಿಂದ ಕಾಯಬೇಕಿದ್ದ ಪದರ ಒಳಗಿನ ಕೊಳೆಯನ್ನು ಕಾಪಾಡಿಕೊಟ್ಟಂತಾಯಿತು. ಬೂತಿನ ನೀಲಿ ಬೆಳಕಿನಲ್ಲಿ ಆ ಜಾಗವೂ ಮೊದಲ ದಿನ ಬೇರೆ ಜಾಗಗಳಷ್ಟೇ ಚೆನ್ನಾಗಿ ಹೊಳೆದಿರುತ್ತದೆ.

ಹೀಗಾಗಿ ಕೋಟಿಂಗಿನ ನಿಜವಾದ ಪರೀಕ್ಷೆ ಕೋಟಿಂಗ್ ಹಚ್ಚುವ ಮೊದಲೇ ಶುರುವಾಗಬೇಕು. ತೊಳೆದ ಬೋರ್ಡನ್ನು ಮುಕ್ಕಾಲು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಕಾಲು ಪಾಲು ಶುದ್ಧ ನೀರಿನ ಮಿಶ್ರಣದಲ್ಲಿ ಅದ್ದಿ, ಆ ದ್ರವದ ವಿದ್ಯುತ್ ವಾಹಕತೆ ಎಷ್ಟು ಏರಿತೆಂದು ಅಳೆಯುವ ರೋಸ್ ಪರೀಕ್ಷೆ ಹಳೆಯದು. ಚದರ ಸೆಂಟಿಮೀಟರಿಗೆ 1.56 ಮೈಕ್ರೊಗ್ರಾಂ ಅಡುಗೆ ಉಪ್ಪಿಗೆ ಸಮನಾದ ಕೊಳೆ ಅದರ ಮಿತಿ. 1970ರ ದಶಕದ ರೋಸಿನ್ ಫ್ಲಕ್ಸಿಗೆ ಕೂಡಿಬಂದ ಅಂಕಿ ಅದು. ಇಂದಿನ ದಟ್ಟ ಬೋರ್ಡುಗಳಿಗೆ ಆ ಒಂದು ಅಂಕಿಯನ್ನೇ ಸಾಕ್ಷಿ ಎನ್ನುವಂತಿಲ್ಲ ಎಂದು ಮಾನದಂಡ ಬರೆಯುವವರೇ ಈಗ ಹೇಳಿದ್ದಾರೆ. ಇಡೀ ಬೋರ್ಡಿನ ಸರಾಸರಿ ಚೆನ್ನಾಗಿದ್ದು, ಒಂದು ಐಸಿಯ ಅಡಿಯಲ್ಲಿ ಮಾತ್ರ ಕೊಳೆ ರಾಶಿಬಿದ್ದಿದ್ದರೆ ಸರಾಸರಿಯಿಂದ ಏನು ಪ್ರಯೋಜನ? ‘ನೋ ಕ್ಲೀನ್’ ಫ್ಲಕ್ಸ್ ಬಂದ ಮೇಲೆ ತೊಳೆಯುವ ಹಂತವನ್ನೇ ಕೈಬಿಟ್ಟ ಘಟಕಗಳು ಬಹಳ. ಕೋಟಿಂಗ್ ಇಲ್ಲದ ಬೋರ್ಡಿಗೆ ಅದು ನಡೆದೀತು. ಆ ಫ್ಲಕ್ಸಿನ ಮೇಲೆಯೇ ಪದರ ಹಚ್ಚುವುದಾದರೆ ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಮೊದಲೇ ಪರೀಕ್ಷಿಸಿ ತಿಳಿದಿರಬೇಕು. ತೊಳೆದ ಮೇಲೂ ಕೈಗವಸು ಬೇಕು. ಕೈ ಒಡೆಯದಿರಲೆಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಒಂದು ಬೆರಳಚ್ಚು ಬಿದ್ದ ಕಡೆ ಅಕ್ರಿಲಿಕ್ ನಿಲ್ಲದೆ ಸರಿದುಹೋಗುತ್ತದೆ.

ಬಿಗಿಯಾಗಿ ಅಂಟಿದೆಯೇ ಎಂದು ನೋಡಲು ಇರುವ ಉಪಾಯ ಸರಳ. ಮಾದರಿ ಪಟ್ಟಿಯ ಮೇಲೆ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪು ಒತ್ತಿ ಕಿತ್ತು, ಎಷ್ಟು ಚೌಕ ಎದ್ದು ಬಂತೆಂದು ನೋಡುವುದು. ಇನ್ನೂ ಆಳಕ್ಕೆ ಹೋಗುವುದಾದರೆ 85 ಡಿಗ್ರಿ ಶಾಖ, ಶೇ 85 ತೇವಾಂಶದ ಕೋಣೆಯಲ್ಲಿ ವೋಲ್ಟೇಜು ಕೊಟ್ಟು ಬೋರ್ಡನ್ನು ದಿನಗಟ್ಟಲೆ ಇಟ್ಟು, ಎರಡು ವಾಹಕಗಳ ನಡುವಿನ ನಿರೋಧ ಕುಸಿಯುತ್ತದೆಯೇ ಎಂದು ಕಾಯಬೇಕು. 35 ಡಿಗ್ರಿಯಲ್ಲಿ ಶೇ 5ರ ಉಪ್ಪುನೀರಿನ ಮಂಜು ಹಾಯಿಸುವ ಪೆಟ್ಟಿಗೆ ಕಡಲ ಕೆಲಸವನ್ನು ಕಾರ್ಖಾನೆಯೊಳಗೇ ಮಾಡಿ ತೋರಿಸುತ್ತದೆ.

ಪೀಣ್ಯದ ಉಪಗ್ರಹ ಪರಂಪರೆ ಈ ವಿಷಯಕ್ಕೆ ಬೇರೆಯದೇ ಬಿಗಿ ತಂದಿದೆ. ಆರ್ಯಭಟ ಕಕ್ಷೆ ಸೇರಿದ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಅದರ ಪ್ರಯೋಗಗಳು ನಿಂತವು. ಅದಕ್ಕೂ ಕೋಟಿಂಗಿಗೂ ಸಂಬಂಧವಿತ್ತೆಂದಲ್ಲ. ಮೇಲೆ ಹೋದದ್ದನ್ನು ಕೆಳಗಿಳಿಸಿ ಬೆಸುಗೆ ಹಾಕಲಾಗದು ಎಂಬುದು ಆಗಲೇ ಎಲ್ಲರಿಗೂ ಮನದಟ್ಟಾಗಿತ್ತು. ಬಾಹ್ಯಾಕಾಶದಲ್ಲಿ ತೇವವಿಲ್ಲ, ಕವಚ ಏಕೆ ಎಂದು ಕೇಳಬಹುದು. ತೂಕವಿಲ್ಲದ ಕಡೆ ಬಿಡಿಯಾದ ಒಂದು ಬೆಸುಗೆ ಚೂರು ತೇಲಿಬಂದು ಎರಡು ಪಿನ್ನುಗಳ ನಡುವೆ ಕೂತರೆ ಸಾಕು. ಮೇಲೇರುವ ಮೊದಲು ಉಪಗ್ರಹ ಶ್ರೀಹರಿಕೋಟಾದ ಕಡಲ ದಂಡೆಯಲ್ಲೂ ಕಾಯಬೇಕು. ಬಾಹ್ಯಾಕಾಶಕ್ಕೆ ಹೋಗುವ ಪದರ ನಿರ್ವಾತದಲ್ಲಿ ಆವಿ ಬಿಟ್ಟು ಕ್ಯಾಮೆರಾದ ಗಾಜು ಮಬ್ಬಾಗಿಸಬಾರದು. 125 ಡಿಗ್ರಿಯಲ್ಲಿ 24 ಗಂಟೆ ನಿರ್ವಾತದಲ್ಲಿಟ್ಟರೂ ತೂಕ ಶೇ 1ಕ್ಕಿಂತ ಹೆಚ್ಚು ಇಳಿಯಬಾರದು, ಆವಿ ತಂಪು ತಟ್ಟೆಯ ಮೇಲೆ ಕೂತ ಅಂಶ ಶೇ 0.1 ಮೀರಬಾರದು ಎಂಬುದು ಜಗತ್ತಿನ ಬಾಹ್ಯಾಕಾಶ ಸಂಸ್ಥೆಗಳು ಪಾಲಿಸುವ ಅಳತೆ.

ಪದರಕ್ಕೆ ಇನ್ನೊಂದು ಕೆಲಸವೂ ಇದೆ. 1998ರ ಮೇ 19ರಂದು ಗೆಲಾಕ್ಸಿ-4 ಎಂಬ ಸಂಪರ್ಕ ಉಪಗ್ರಹ ದಾರಿತಪ್ಪಿ ಅಮೆರಿಕದ ಬಹುಪಾಲು ಪೇಜರುಗಳು ಒಮ್ಮೆಲೇ ಮೂಕವಾದವು. ಶುದ್ಧ ತವರದ ಲೇಪದಿಂದ ತಾನಾಗಿ ಬೆಳೆದ ಲೋಹದ ಎಳೆ ನಿಯಂತ್ರಣ ಪ್ರೊಸೆಸರನ್ನು ಶಾರ್ಟ್ ಮಾಡಿತೆಂಬುದು ತನಿಖೆಯ ನಿಲುವು. 2006ರಲ್ಲಿ ಯುರೋಪು ಬೆಸುಗೆಯಿಂದ ಸೀಸವನ್ನು ಹೊರಗಟ್ಟಿದ ಮೇಲೆ ಶುದ್ಧ ತವರದ ಬಳಕೆ ಹೆಚ್ಚಿತು, ಜೊತೆಗೆ ಈ ಎಳೆಗಳ ಭಯವೂ ಹೆಚ್ಚಿತು. ಸುಮಾರು 50 ಮೈಕ್ರಾನ್ ದಪ್ಪದ ಒಳ್ಳೆಯ ಪಾಲಿಯುರೆಥೇನ್ ಪದರ ಈ ಎಳೆಗಳನ್ನು ವರ್ಷಗಟ್ಟಲೆ ಒಳಗೇ ಅಮುಕಿ ಹಿಡಿಯುತ್ತದೆಂದು ನಾಸಾದ ದೀರ್ಘಕಾಲದ ಪ್ರಯೋಗಗಳು ತೋರಿಸಿವೆ. ತೆಳುವಾದ ಕಡೆ ಎಳೆ ತೂರಿ ಹೊರಬರುತ್ತದೆ. ಪಿನ್ನಿನ ಮೂಲೆಯ ದಪ್ಪದ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೂ ಸೇರಿಸಿಯೇ.

ರೀವರ್ಕ್ ಮೇಜಿಗೂ ಇದೇ ಶಿಸ್ತು ಬೇಕು. ಕೆಟ್ಟ ಬಿಡಿಭಾಗ ತೆಗೆಯಲು ಪದರ ಕರಗಿಸಿ, ಹೊಸದಕ್ಕೆ ಬೆಸುಗೆ ಹಾಕಿ, ಅಷ್ಟು ಜಾಗಕ್ಕೆ ಬ್ರಷ್ಷಿನಿಂದ ಮತ್ತೆ ಹಚ್ಚುತ್ತಾರೆ. ಸುತ್ತಲಿನ ಹಳೆ ಪದರದ ಅಂಚು ಎದ್ದಿದೆಯೇ, ಬೆಸುಗೆಯ ಫ್ಲಕ್ಸ್ ತೊಳೆದಿದ್ದಾರೆಯೇ ಎಂದು ಎರಡನೆಯ ಸಲ ನೋಡುವ ತಾಳ್ಮೆ ಬಹಳ ಕಡೆ ಇರುವುದಿಲ್ಲ. ಡಿಸ್ಪ್ಯಾಚಿನ ಗಡಿಬಿಡಿಯಲ್ಲಿ ಈ ಬೋರ್ಡುಗಳೇ ಮೊದಲು ಪೆಟ್ಟಿಗೆ ಸೇರುತ್ತವೆ.

ಐಸಿಯ ಅಡಿಯಲ್ಲಿ ಏನಿದೆಯೆಂದು ಯಾವ ಲ್ಯಾಂಪೂ ತೋರಿಸದು. ಒಂದು ಬೋರ್ಡನ್ನು ಅಡ್ಡಕ್ಕೆ ಕೊಯ್ದು, ಅಂಚನ್ನು ಉಜ್ಜಿ ನುಣುಪು ಮಾಡಿ, ಸೂಕ್ಷ್ಮದರ್ಶಕದಲ್ಲಿ ಪದರ ಎಲ್ಲಿಯವರೆಗೆ ಇಳಿದಿದೆ, ಎಲ್ಲಿ ಎದ್ದಿದೆ ಎಂದು ನೋಡಬೇಕು. ಚೆನ್ನಾಗಿರುವ ಬೋರ್ಡನ್ನು ಕೊಯ್ಯಲು ಸಣ್ಣ ಘಟಕದ ಮಾಲೀಕರಿಗೆ ಮನಸ್ಸು ಬರುವುದಿಲ್ಲ. ಒಂದೊಂದರ ಮೇಲೂ ಅವರು ಸುರಿದ ಹಣ ಎಷ್ಟೆಂದು ಅವರಿಗೇ ಗೊತ್ತು. ಅದಕ್ಕೆಂದೇ ಮಾದರಿ ಪಟ್ಟಿ ಇರುವುದು. ಅದರಲ್ಲಿ ಎರಡು ಮೂರು ಅಗ್ಗದ ಐಸಿ ಕೂರಿಸಿದರೆ ಕೊಯ್ಯಲು ದುಃಖವಿಲ್ಲ. ಆದರೆ ಆ ಪಟ್ಟಿ ಬೋರ್ಡಿನ ಜೊತೆಗೇ ಬೆಸುಗೆಗೆ ಹೋಗಬೇಕು, ಅದೇ ನೀರಿನಲ್ಲಿ ತೊಳೆಯಬೇಕು, ಅದೇ ಪಾಳಿಯಲ್ಲಿ ಅದೇ ಗನ್ನಿನಿಂದ ಸ್ಪ್ರೇ ಆಗಬೇಕು, ಅದೇ ಓವನ್ನಿನಲ್ಲಿ ಒಣಗಬೇಕು. ಆಡಿಟ್ ಬರುತ್ತದೆಂದು ಹಿಂದಿನ ಸಂಜೆ ಬೇರೆಯಾಗಿ, ನಿಧಾನವಾಗಿ, ಚೆನ್ನಾಗಿ ಒರೆಸಿ ಹಚ್ಚಿಟ್ಟ ಪಟ್ಟಿಯಿಂದ ಆ ಪಟ್ಟಿಯ ವಿಷಯ ತಿಳಿಯುತ್ತದೆಯೇ ಹೊರತು ಕಾರವಾರಕ್ಕೆ ಹೊರಟ ಬೋರ್ಡಿನ ವಿಷಯ ತಿಳಿಯುವುದಿಲ್ಲ.